ಕಾರಿನ ಎಂಜಿನ್ ಬ್ಲಾಕ್: ಕಬ್ಬಿಣ ಎಲ್ಲಿ, ಅಲ್ಯೂಮಿನಿಯಂ ಎಲ್ಲಿ, ಯಾಕೆ?

ಪಿಸ್ಟನ್ ಓಡಾಡುವ ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಒಡಲೇ ಬ್ಲಾಕ್. ಸಣ್ಣ ಕಾರಿಗೆ ಅಲ್ಯೂಮಿನಿಯಂ ಬ್ಲಾಕ್, ದೊಡ್ಡ ಕಾರಿಗೆ ಕಬ್ಬಿಣದ ಬ್ಲಾಕ್ ಎಂಬ ಲೆಕ್ಕ ಬೆಂಗಳೂರಿನ ಗ್ಯಾರೇಜುಗಳಲ್ಲಿ ಇವತ್ತಿಗೂ ಓಡುತ್ತದೆ. ಅದು ಅರ್ಧ ಸತ್ಯ. ಬ್ಲಾಕ್ ಯಾವುದರದ್ದಾಗಿರಬೇಕು ಎಂಬುದನ್ನು ತೀರ್ಮಾನಿಸುವುದು ಸಿಸಿಗಿಂತ, ಅಂದರೆ ಎಂಜಿನ್ ಗಾತ್ರಕ್ಕಿಂತ ಹೆಚ್ಚಾಗಿ ಸಿಲಿಂಡರ್ ಒಳಗಿನ ಒತ್ತಡ.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಗೋಡೆ ದಪ್ಪ. ಸಿಲಿಂಡರ್ ಸವೆದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆಯ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ (ಒಳಗೋಡೆ ಕೊರೆಸಿ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದಿತ್ತು. ಇನ್ನು ಕೊರೆಯಲಾಗದಷ್ಟು ಅಳತೆ ಮುಗಿದ ಮೇಲೂ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಇಳಿಸಿದರೆ ಬ್ಲಾಕ್ ಮತ್ತೆ ಸಿದ್ಧ.

ಮೈಲೇಜ್‌ಗಾಗಿ ತೂಕ ಇಳಿಸುವ ಓಟದಲ್ಲಿ ಪೆಟ್ರೋಲ್ ಎಂಜಿನ್‌ಗಳು ಅಲ್ಯೂಮಿನಿಯಂಗೆ ತಿರುಗಿದವು. 2008ರಲ್ಲಿ ಎ-ಸ್ಟಾರ್ ಜೊತೆ ಬಂದ ಮಾರುತಿಯ 998 ಸಿಸಿ, ಮೂರು ಸಿಲಿಂಡರ್ ಕೆ10ಬಿ ಅಂಥದ್ದು. ಆದರೆ ಅದಕ್ಕೂ ಮುಂಚೆ, 2007ರಲ್ಲಿ ಸ್ವಿಫ್ಟ್‌ಗೆ ಬಂದ 1248 ಸಿಸಿ ಡೀಸೆಲ್‌ಗೆ ಕಬ್ಬಿಣದ ಬ್ಲಾಕೇ. ಬಿಡದಿಯಲ್ಲಿ ತಯಾರಾದ ಇನ್ನೋವಾದ 2494 ಸಿಸಿ ಡೀಸೆಲ್ ಕೂಡ ಕಬ್ಬಿಣ. ಇನ್ನೋವಾ ಹೈಕ್ರಾಸ್‌ನ 1987 ಸಿಸಿ ಪೆಟ್ರೋಲ್ ಮಾತ್ರ ಅಲ್ಯೂಮಿನಿಯಂ. ಡೀಸೆಲ್‌ನಲ್ಲಿ ಉರಿಯುವಾಗ ಏಳುವ ಒತ್ತಡ ಪೆಟ್ರೋಲ್‌ಗಿಂತ ಬಹಳ ಹೆಚ್ಚು. ಅದನ್ನು ವರ್ಷಗಟ್ಟಲೆ ತಡೆಯಲು ಕಬ್ಬಿಣ ಅಗ್ಗದ, ನಂಬಿಕೆಯ ದಾರಿ.

ಅಲ್ಯೂಮಿನಿಯಂ ಬ್ಲಾಕ್‌ನಲ್ಲೂ ಪಿಸ್ಟನ್ ಸಾಮಾನ್ಯವಾಗಿ ಉಜ್ಜುವುದು ಸಿಲಿಂಡರ್ ಒಳಗಿನ ತೆಳು ಕಬ್ಬಿಣದ ಕೊಳವೆ, ಲೈನರ್ ಮೇಲೆ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ ರೇಡಿಯೇಟರ್‌ಗೆ ಎದುರು ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಆಗ ಕೂಲೆಂಟ್ ಕಡಿಮೆಯಿದ್ದು ಎಂಜಿನ್ ಮಿತಿಮೀರಿ ಕಾದರೆ ಮೊದಲು ಹೆಡ್ (ಬ್ಲಾಕ್ ಮೇಲೆ ಬೋಲ್ಟ್‌ನಿಂದ ಕೂರಿಸಿದ ಮುಚ್ಚಳ) ಬಾಗುತ್ತದೆ, ಎರಡರ ನಡುವಿನ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ. ಬ್ಲಾಕ್ ಅಲ್ಯೂಮಿನಿಯಂ ಆಗಿದ್ದರೆ ಅದರ ಮೇಲ್ಮೈಯೂ ಬಾಗಿರಬಹುದು, ಬೋಲ್ಟ್ ಮರೆಯೂ (ತೂತಿನೊಳಗಿನ ತಿರುಪಿನ ಎಳೆ) ಕಿತ್ತುಬರಬಹುದು. ಬೋರ್‌ವೆಲ್ ನೀರು ತುಂಬಿ ಓಡಿಸಿದ ಗಾಡಿಯಲ್ಲಿ ಒಳಗೆ ತುಕ್ಕು, ಉಪ್ಪಿನ ಗಸಿ ಕಟ್ಟಿ ನೀರಿನ ದಾರಿ ಆಗಲೇ ಅರ್ಧ ಮುಚ್ಚಿರುತ್ತದೆ.

ಹೆಡ್ ಬಿಚ್ಚಿದಾಗ ಬ್ಲಾಕ್ ಮೇಲ್ಮೈಯನ್ನು ನೇರಪಟ್ಟಿಯಿಂದ ಉದ್ದ, ಅಡ್ಡ, ಎರಡೂ ಕರ್ಣಗಳಲ್ಲಿ ನೋಡಲೇಬೇಕು. 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ನೇರಪಟ್ಟಿಯಡಿ ನುಗ್ಗಿದರೆ ಕಂಪನಿ ಮ್ಯಾನ್ಯುಯಲ್‌ನ ಮಿತಿ ನೋಡದೆ ಜೋಡಿಸಬಾರದು. ಹಳೇ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರ್‌ನ ಎಮ್ರಿ ಚಕ್ರ ಬೇಡ: ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಗುಳಿ ಬೀಳುತ್ತದೆ, ಪುಡಿ ಬೇರಿಂಗ್‌ಗೆ ಸೇರುತ್ತದೆ.

ಇನ್ನೊಂದು, ತುಂಬಾ ಜನ ಮರೆಯುವುದು: ಹೆಡ್ ಬೋಲ್ಟ್ ಕೂರುವ ಕುರುಡು (ತಳ ಮುಚ್ಚಿದ) ತೂತುಗಳಲ್ಲಿ ಆಯಿಲ್, ನೀರು ನಿಂತಿರುತ್ತದೆ. ಹಾಗೇ ಬೋಲ್ಟ್ ಬಿಗಿದರೆ ಜಾಗವಿಲ್ಲದ ದ್ರವ ಬ್ಲಾಕನ್ನೇ ಸೀಳಬಹುದು. ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ. ಕೋನ ಲೆಕ್ಕದಲ್ಲಿ (ಇಂತಿಷ್ಟು ಡಿಗ್ರಿ ತಿರುಗಿಸಿ) ಬಿಗಿಯುವ ಹಳೇ ಬೋಲ್ಟ್‌ಗಳು ಹಿಗ್ಗಿರುತ್ತವೆ; ಹೊಸದನ್ನೇ ಹಾಕಿ.