ಸಾಮೂಹಿಕ ಶಿಕ್ಷಣ ಅಂದರೇನು?

ಸಾರ್ವತ್ರಿಕ ಶಿಕ್ಷಣ, ಸಾಮೂಹಿಕ ಶಿಕ್ಷಣ, ಕಡ್ಡಾಯ ಶಿಕ್ಷಣ. ಈ ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಎಲ್ಲ ಮಕ್ಕಳೂ ಶಾಲೆಗೆ ಹೋಗಬೇಕು, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ‘ಸಾರ್ವತ್ರಿಕ’ ಅನ್ನುವುದು ಯಾರಿಗೆ ಕಲಿಸಬೇಕು ಅನ್ನುವ ಮಾತು. ‘ಸಾಮೂಹಿಕ’ ಅನ್ನುವುದು ಹೇಗೆ ಕಲಿಸಬೇಕು ಅನ್ನುವುದು. ‘ಕಡ್ಡಾಯ’ ಅಂದಾಗ ಸರ್ಕಾರ ಒಳಗೆ ಬರುತ್ತದೆ. ಇವತ್ತಿನ ಶಾಲೆಯಲ್ಲಿ ಮೂರೂ ಸೇರಿಕೊಂಡಿವೆ, ಆದರೆ ಹುಟ್ಟಿದ್ದು ಬೇರೆ ಬೇರೆ ಕಡೆ.

ಎಲ್ಲರಿಗೂ ಎಲ್ಲವನ್ನೂ ಕಲಿಸಬೇಕು ಎಂದು ಗಟ್ಟಿಯಾಗಿ ಹೇಳಿದವನು 17ನೇ ಶತಮಾನದ ಮೊರಾವಿಯಾದ (ಇವತ್ತಿನ ಚೆಕ್ ದೇಶದ ಒಂದು ಭಾಗ) ಪಾದ್ರಿ ಕೊಮೇನಿಯಸ್. ಬಡವರು, ಬಲ್ಲಿದರು, ಹುಡುಗರು, ಹುಡುಗಿಯರು, ಯಾರನ್ನೂ ಬಿಡಬಾರದು ಅನ್ನುವುದು ಅವನ ವಾದ. ದೇವರು ಕೊಟ್ಟ ಬುದ್ಧಿ ಎಲ್ಲರಿಗೂ ಇರುವಾಗ ಕಲಿಕೆ ಕೆಲವರಿಗೇ ಯಾಕೆ? ವಿಚಿತ್ರ ಅಂದರೆ, ಗುಂಪಿಗೆ ಒಟ್ಟಿಗೆ ಕಲಿಸುವ ಯೋಚನೆಯೂ ಇವನಲ್ಲೇ ಇದೆ. ಶಾಲೆಯನ್ನು ಅವನು ಅಚ್ಚುಕೂಟಕ್ಕೆ ಹೋಲಿಸಿದ. ಮಕ್ಕಳು ಕಾಗದ, ಪಠ್ಯಪುಸ್ತಕ ಅಚ್ಚಿನ ಮೊಳೆ, ಮೇಷ್ಟ್ರ ದನಿ ಶಾಯಿ, ಶಾಲೆಯ ಶಿಸ್ತೇ ಒತ್ತುವ ಯಂತ್ರ. ಒಂದೊಂದೇ ಪ್ರತಿಯನ್ನು ಕೈಯಲ್ಲಿ ಬರೆಯುವ ಕಾಲ ಮುಗಿಯಿತು, ಕಲಿಸುವುದೂ ಹಾಗೇ ಬದಲಾಗಲಿ ಎಂದು ಅವನ ಆಸೆ. ಅವನು ಇದನ್ನು ಹೊಗಳಿಕೆಯಾಗಿಯೇ ಹೇಳಿದ್ದು. ಇವತ್ತು ಓದಿದರೆ ಸ್ವಲ್ಪ ಮೈ ಜುಂ ಅನ್ನುತ್ತದೆ.

ಆ ಯಂತ್ರವನ್ನು ಕಡಿಮೆ ಖರ್ಚಿನಲ್ಲಿ ಓಡಿಸುವ ದಾರಿ ಸಿಕ್ಕಿದ್ದು ಮದ್ರಾಸಿನಲ್ಲಿ. ಅಲ್ಲಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ತನ್ನಲ್ಲೂ ಅದನ್ನೇ ತಂದ. ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡುವ ಪದ್ಧತಿಯನ್ನು 1797ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಕೂಡ ಇಂಥದ್ದೇ ಶಾಲೆ ಶುರುಮಾಡಿದ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು.

ಕಡ್ಡಾಯದ ಕಥೆ ಪ್ರಷ್ಯಾದ್ದು, ಅಂದರೆ ಹಳೆಯ ಜರ್ಮನ್ ರಾಜ್ಯವೊಂದರದ್ದು. 1717ರ ರಾಜಾಜ್ಞೆ ಶಾಲೆ ಇರುವ ಊರುಗಳಲ್ಲಿ ಮಕ್ಕಳನ್ನು ಕಳಿಸಲೇಬೇಕು ಎಂದಿತು: ಚಳಿಗಾಲದಲ್ಲಿ ದಿನಾ, ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ದಿನ. ಹೊಲದ ಕೆಲಸ ನಿಲ್ಲಬಾರದಲ್ಲ! 1763ರಲ್ಲಿ ಎರಡನೇ ಫ್ರೆಡರಿಕ್ 5ರಿಂದ 13–14 ವರ್ಷದವರಿಗೆಲ್ಲ ಶಾಲೆ ಕಡ್ಡಾಯ ಮಾಡಿದ. ಕಾಗದದ ಮೇಲೆ, ಅಂತ ಸೇರಿಸಬೇಕು. ಹಳ್ಳಿಗಳಲ್ಲಿ ದರ್ಜಿಯೇ ಮೇಷ್ಟ್ರಾಗಿದ್ದದ್ದೂ ಉಂಟು.

ಇಲ್ಲೊಂದು ಜನಪ್ರಿಯ ಮಾತು ಬರುತ್ತದೆ: ಕಾರ್ಖಾನೆಗೆ ಕೂಲಿಯಾಳು ಬೇಕಿತ್ತು, ಅದಕ್ಕೇ ಶಾಲೆ ಹುಟ್ಟಿತು. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. 1763ರ ಪ್ರಷ್ಯಾದಲ್ಲಿ ಜಾಸ್ತಿ ಜನ ಹೊಲದಲ್ಲಿದ್ದರು, ಕಾರ್ಖಾನೆಯಲ್ಲಲ್ಲ. ದೊರೆಗೆ ಬೇಕಿದ್ದದ್ದು ದೇವರಿಗೆ ಹೆದರುವ, ಹೇಳಿದಂತೆ ಕೇಳುವ ಪ್ರಜೆ. ಬೆಲ್ಲು ಹೊಡೆದಾಗ ಏಳುವ, ಸಾಲಿನಲ್ಲಿ ನಿಲ್ಲುವ ಅಭ್ಯಾಸ ಆಮೇಲೆ ಕಾರ್ಖಾನೆಗೂ ಒದಗಿತು, ನಿಜ. ಆದರೆ ಅದಕ್ಕಿಂತ ಮುಂಚೆ ಅದು ಚರ್ಚಿನದು, ಸೈನ್ಯದ್ದು.

‘ಶಿಕ್ಷಣ’ ಅನ್ನುವ ಪದದ ಒಳಗಿನ ನಿಜವಾದ ಜಗಳ ಬೇರೆಯೇ ಇದೆ: ಅದು ಇರುವುದು ಯಾರಿಗಾಗಿ? 1806ರಲ್ಲಿ ನೆಪೋಲಿಯನ್ ಪ್ರಷ್ಯಾವನ್ನು ಸೋಲಿಸಿದ. ಮರುವರ್ಷದ ಕೊನೆಗೆ ತತ್ತ್ವಜ್ಞಾನಿ ಫಿಖ್ಟೆ ಬರ್ಲಿನ್ನಿನಲ್ಲಿ ಸಾಲು ಉಪನ್ಯಾಸ ಶುರುಮಾಡಿದ. ದೇಶ ಮತ್ತೆ ಏಳಬೇಕಾದರೆ ಹೊಸ ಶಿಕ್ಷಣ ಬೇಕು, ಅದು ಮಗುವಿನ ಇಚ್ಛೆಯನ್ನೇ ರೂಪಿಸಬೇಕು ಅನ್ನುವುದು ಅವನ ನಿಲುವು. ಅಂದರೆ ಶಾಲೆ ಇರುವುದು ದೇಶಕ್ಕಾಗಿ.

1809ರಲ್ಲಿ ಪ್ರಷ್ಯಾದ ಶಿಕ್ಷಣದ ಹೊಣೆ ಹೊತ್ತ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಹೀಗೆ ಯೋಚಿಸಲಿಲ್ಲ. ಮೊದಲು ಮನುಷ್ಯ ಅರಳಲಿ, ಕಸುಬು ಆಮೇಲೆ ಅಂದ. ಆ ವರ್ಷದ ಅವನ ಒಂದು ಶಾಲಾ ಯೋಜನೆಯಲ್ಲಿ ಒಂದು ಮಾತಿದೆ: ವಿದ್ವಾಂಸನಿಗೆ ಮೇಜು ಮಾಡುವುದು ಹೇಗೆ ದಂಡವಲ್ಲವೋ, ಬಡಗಿಗೆ ಗ್ರೀಕ್ ಕಲಿತದ್ದೂ ಹಾಗೇ ದಂಡವಲ್ಲ.