ಹದಿನೇಳನೇ ಒಕ್ಕ

ಆ ವರ್ಷ ಕೊಡಗಿನ ಸುಗ್ಗಿಹಬ್ಬ ಪುತ್ತರಿ ಮುಗಿದ ಐದನೇ ದಿನಕ್ಕೆ ನನ್ನ ತಳಿಶಾಸ್ತ್ರದ ಪರೀಕ್ಷೆ. ಕದಿರು ತೆಗೆಯಲು ಮನೆತನದ ಮೂಲಮನೆಯಾದ ಐನ್‌ಮನೆಗೆ ಬಂದ ನೆಂಟರೆಲ್ಲ, ಹುಡುಗ ಹಗಲಿರುಳು ಕಂಪ್ಯೂಟರ್ ಮುಂದೆ ಕೂತು ಓದುತ್ತಿದ್ದಾನೆ ಎಂದು ಹೊಗಳಿ ಹೋದರು. ಅವ್ವ ಅವರನ್ನು ತಿದ್ದಲಿಲ್ಲ.

ಪುಸ್ತಕ ಮೆಂಡಲನ ಅಧ್ಯಾಯದಲ್ಲಿ ಮಗುಚಿ ಬಿದ್ದಿತ್ತು. ದುಂಡು ಬಟಾಣಿ 5,474, ಸುಕ್ಕು ಬಟಾಣಿ 1,850, ಅನುಪಾತ 2.96ಕ್ಕೆ 1. ಮೆಂಡಲನ ನಿಯಮದಂತೆ ಬರಬೇಕಾದದ್ದು 3ಕ್ಕೆ 1. ನನ್ನನ್ನು ಕೆಡಿಸಿದ್ದು ಆ 2.96. ಸರಿಯಾಗಿ ಮೂರು ಏಕಿಲ್ಲ? ಕಂಪ್ಯೂಟರಿನೊಳಗೇ ಬಟಾಣಿ ಬಿತ್ತಿ ನೋಡಿದೆ. ಏಳು ಸಾವಿರ ಕಾಳು ಬಿತ್ತಿದರೆ ಪ್ರತಿ ಸಲವೂ ಮೂರರ ಆಸುಪಾಸು. ಇಪ್ಪತ್ತೇ ಕಾಳು ಬಿತ್ತಿದರೆ ಒಮ್ಮೆ 18ಕ್ಕೆ 2, ಇನ್ನೊಮ್ಮೆ 12ಕ್ಕೆ 8. ಎಣಿಕೆ ಚಿಕ್ಕದಾದಷ್ಟೂ ಅದೃಷ್ಟದ ಕೈ ದೊಡ್ಡದು. ಹಾಗಾದರೆ ಒಂದು ಮನೆಯಷ್ಟು ಚಿಕ್ಕ ಎಣಿಕೆಯಲ್ಲಿ ಏನಾಗುತ್ತದೆ? ಓದು ಅಲ್ಲಿಗೆ ನಿಂತಿತು.

ಕೊಡವರಲ್ಲಿ ಒಕ್ಕ ಎಂದರೆ ಮನೆತನ. ಅದರ ಹೆಸರು ತಂದೆಯಿಂದ ಬರುತ್ತದೆ, ಗಂಡುಮಕ್ಕಳ ಮೂಲಕ ಮುಂದಕ್ಕೆ ದಾಟುತ್ತದೆ. ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೊಸೋಮು ನಡೆಯುವುದೂ ಅದೇ ದಾರಿಯಲ್ಲಿ. 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡಗಳು ಆಡುವುದು ಒಕ್ಕದ ಹೆಸರಿನಲ್ಲೇ. ಆ ಪಟ್ಟಿ ಓದುವಾಗಲೆಲ್ಲ, ಪಟ್ಟಿಗೆ ಬರುವ ಮೊದಲೇ ಅಳಿದುಹೋದ ಹೆಸರುಗಳೆಷ್ಟು ಎಂಬ ಯೋಚನೆ ನನಗೆ ಬರುತ್ತಿತ್ತು.

ಅದನ್ನೇ ಒಂದು ಪ್ರೋಗ್ರಾಮಾಗಿ ಬರೆದೆ. ನಿಯಮ ಸರಳ. ನೂರು ಒಕ್ಕ, ಒಂದೊಂದರಲ್ಲಿ ಒಬ್ಬನೇ ಗಂಡಸು. ಪ್ರತಿಯೊಬ್ಬನಿಗೂ ಎರಡೇ ಮಕ್ಕಳು. ಗಂಡೋ ಹೆಣ್ಣೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಮೊದಲ ಸಲ ಓಡಿಸಿದಾಗ ಕಂಪ್ಯೂಟರ್ ಸ್ತಬ್ಧವಾಯಿತು. ಹಳೆಯ ತಲೆಮಾರನ್ನು ಅಳಿಸುವ ಸಾಲನ್ನು ನಾನು ಬರೆದೇ ಇರಲಿಲ್ಲ. ಮುತ್ತಜ್ಜಂದಿರು ಸಾಯದೆ, ಮೊಮ್ಮಕ್ಕಳ ಜೊತೆ ತಾವೂ ಮಕ್ಕಳನ್ನು ಪಡೆಯುತ್ತಲೇ ಇದ್ದರು. ಓದುವಾಗ ‘ತಲೆಮಾರು’ ಎಂಬ ಪದ ಎಷ್ಟು ಸಲೀಸಾಗಿ ಕಣ್ಣಿನಿಂದ ಜಾರಿಹೋಗುತ್ತದೆ! ಕಂಪ್ಯೂಟರಿಗೆ ಹೇಳಬೇಕಾದರೆ ಮಾತ್ರ ಯಾರು ಯಾವಾಗ ಸಾಯಬೇಕು ಎಂಬುದನ್ನೂ ಬರೆಯಬೇಕು.

ಸರಿಪಡಿಸಿ ಓಡಿಸಿದೆ. ಮೊದಲ ತಲೆಮಾರಿನಲ್ಲೇ ಹತ್ತಿರ ಹತ್ತಿರ 25 ಹೆಸರು ಮಾಯ. ಇಷ್ಟಕ್ಕೆ ಕಂಪ್ಯೂಟರೇ ಬೇಡ: ಇಬ್ಬರೂ ಹೆಣ್ಣಾಗುವ ಸಂಭವ ನಾಲ್ಕರಲ್ಲಿ ಒಂದು. ಎರಡನೆಯದರ ಹೊತ್ತಿಗೆ ಉಳಿದದ್ದು ಸುಮಾರು 61, ಮೂರನೆಯದಕ್ಕೆ 52, ಹತ್ತನೆಯದಕ್ಕೆ 26. ಒಟ್ಟು ಗಂಡಸರ ಸಂಖ್ಯೆ ಮಾತ್ರ ನೂರರ ಸುತ್ತಮುತ್ತಲೇ ಇತ್ತು. ಅಂದರೆ ಉಳಿದ ಒಕ್ಕಗಳು ದೊಡ್ಡವಾಗಿದ್ದವು. ಅಂಥ ಒಂದು ಒಕ್ಕದವರು ಮೂಲಪುರುಷನ ಶೌರ್ಯದ ಕಥೆ ಹೇಳಿದರೆ ಯಾರಾದರೂ ನಂಬುತ್ತಾರೆ. ಆದರೆ ಈ ನೂರು ಮಂದಿಯಲ್ಲಿ ಯಾರಿಗೂ ಶೌರ್ಯ ಕೊಡುವ ಸಾಲನ್ನು ನಾನು ಬರೆದಿರಲಿಲ್ಲ.

ಹಿಂದಿನಿಂದ ನೋಡುತ್ತಿದ್ದ ಅಜ್ಜಯ್ಯ ಕೇಳಿದರು: “ನಮ್ಮದು ಯಾವುದು?”

ಹೆಸರಿಲ್ಲ, ನಂಬರ್ ಮಾತ್ರ ಎಂದೆ. ಅವರು 17 ಆರಿಸಿಕೊಂಡರು. ಓಡಿಸಿದೆ, ಹದಿನೇಳು ಮೂರನೇ ತಲೆಮಾರಿಗೆ ಮುಗಿಯಿತು. ಇನ್ನೊಮ್ಮೆ ಎಂದರು. ಮತ್ತೆ ಮೂರನೇ ತಲೆಮಾರು. ಮೂರನೇ ಸಲವೂ ಅಷ್ಟೇ. “ನಿನ್ನ ಯಂತ್ರಕ್ಕೆ ನಮ್ಮ ಮೇಲೇ ಕಣ್ಣು,” ಎಂದು ಎದ್ದು ಹೋದರು.

ಅವರ ಅನುಮಾನ ಸರಿಯಾಗಿಯೇ ಇತ್ತು. ನಾನು ಪ್ರೋಗ್ರಾಮ್ ಬರೆದ ಸಿ ಭಾಷೆಯಲ್ಲಿ ಯಾದೃಚ್ಛಿಕ, ಅಂದರೆ ಮನಬಂದಂತೆ ಬರುವ, ಸಂಖ್ಯೆಗಳು ನಿಜವಾಗಿ ಯಾದೃಚ್ಛಿಕವಲ್ಲ. ಒಂದು ಆರಂಭದ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆದ ಸರಣಿ ಅದು. ಆ ಆರಂಭದ ಸಂಖ್ಯೆಗೆ ಸೀಡ್ ಎಂದರೆ ಬೀಜ ಎನ್ನುತ್ತಾರೆ. ಬೀಜ ಬದಲಿಸದಿದ್ದರೆ ಪ್ರತಿ ಸಲವೂ ಅದೇ ಬೆಳೆ. ತಳಿಶಾಸ್ತ್ರದ ಪ್ರೋಗ್ರಾಮಿನಲ್ಲಿ ಬೀಜವನ್ನೇ ಮರೆತಿದ್ದೆ! ಕಂಪ್ಯೂಟರ್ ಗಡಿಯಾರದ ಸಮಯವನ್ನೇ ಬೀಜವಾಗಿ ಕೊಟ್ಟ ಮೇಲೆ ಹದಿನೇಳು ಒಮ್ಮೆ ಬೇಗ ಸತ್ತಿತು, ಇನ್ನೊಮ್ಮೆ ಹನ್ನೊಂದು ಗಂಡಸರೊಂದಿಗೆ ಮೆರೆಯಿತು.

ಇದೇ ಪ್ರಶ್ನೆ ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ನನಿಗೂ ಬಂದಿತ್ತು ಎಂದು ಆಮೇಲೆ ತಿಳಿಯಿತು. ಇಂಗ್ಲೆಂಡಿನ ಹೆಸರಾಂತ ಮನೆತನಗಳು ಅಳಿಯುತ್ತಿರುವುದು ಸುಖಜೀವನದಿಂದ ಸಂತಾನಶಕ್ತಿ ಕುಂದಿದ್ದರಿಂದಲೋ, ಬರೀ ಆಕಸ್ಮಿಕವೋ? 1873ರಲ್ಲಿ ಅವನು ಇದನ್ನು ಗಣಿತದ ಸಮಸ್ಯೆಯಾಗಿ ಪ್ರಕಟಿಸಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಬಿಡಿಸಿದ, ಆದರೆ ಎಡವಿದ. ಸರಾಸರಿ ಗಂಡುಮಕ್ಕಳು ಒಂದಕ್ಕಿಂತ ಹೆಚ್ಚಿದ್ದರೂ ಎಲ್ಲ ಹೆಸರುಗಳೂ ಕೊನೆಗೆ ಅಳಿಯುತ್ತವೆ ಎಂದುಬಿಟ್ಟ. ಸಮೀಕರಣಕ್ಕಿದ್ದ ಇನ್ನೊಂದು ಉತ್ತರ ಅವನ ಕಣ್ಣಿಗೆ ಬೀಳಲಿಲ್ಲ. ಅವನ ಮೇಜಿನ ಮೇಲೆ ನನ್ನ ಹಳೆಯ ಕಂಪ್ಯೂಟರ್ ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿದ್ದ.

ಅದೇ ಗಣಿತವನ್ನು 1927ರಲ್ಲಿ ಬ್ರಿಟಿಷ್ ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಜೀನುಗಳಿಗೆ ಹಚ್ಚಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಇವರೇ. ಜೀವಿಗೆ ಶೇಕಡ 1ರಷ್ಟು ಅನುಕೂಲ ತರುವ, ಜೀನಿನ ಹೊಸ ರೂಪಾಂತರವೊಂದು ಹುಟ್ಟಿತೆನ್ನಿ. ಅದು ಉಳಿದು ಹರಡುವ ಸಂಭವ ಎಷ್ಟು? ಹಾಲ್ಡೇನ್ ಕೊಟ್ಟ ಉತ್ತರ ಸುಮಾರು ಶೇಕಡ 2. ನನಗೆ ನಂಬಿಕೆ ಬರಲಿಲ್ಲ. ಎರಡೇ ಮಕ್ಕಳೆಂಬ ನಿಯಮ ಸಡಿಲಿಸಿ, ಮಕ್ಕಳ ಸಂಖ್ಯೆಯನ್ನೂ ದಾಳಕ್ಕೆ ಬಿಟ್ಟು, ಇಂಥ ಸಾವಿರ ಒಳ್ಳೆಯ ಜೀನುಗಳನ್ನು ಒಂದೊಂದಾಗಿ ಹುಟ್ಟಿಸಿದೆ. ಉಳಿದದ್ದು ಇಪ್ಪತ್ತರ ಆಸುಪಾಸು. ಮಿಕ್ಕವು ಕೆಟ್ಟವಲ್ಲ; ಸಂಖ್ಯೆ ಬೆಳೆಯುವ ಮೊದಲೇ, ಒಂದೆರಡು ಪ್ರತಿಗಳಿದ್ದಾಗಲೇ, ದಾಳ ತಿರುಗಿಬಿದ್ದಿತ್ತು. ‘ಯೋಗ್ಯವಾದದ್ದು ಉಳಿಯುತ್ತದೆ’ ಎಂದು ಹೈಸ್ಕೂಲಿನಿಂದ ಉರುಹೊಡೆದಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಜ್ಜಯ್ಯ ಮತ್ತೆ ಬಂದರು. ರಾತ್ರಿಯಿಡೀ ಯೋಚಿಸಿದಂತಿತ್ತು. “ಗಂಡುಮಕ್ಕಳಿಲ್ಲದಿದ್ದರೆ ಒಕ್ಕ ಮುಗಿಯಿತು ಎಂದು ನಿನಗೆ ಹೇಳಿದವರು ಯಾರು? ಮಗಳ ಮಕ್ಕಳಿಗೆ ನಮ್ಮ ಹೆಸರೇ ಬರುವ ಹಾಗೆ ಮದುವೆ ಮಾಡುವ ಕ್ರಮ ಇಲ್ಲವೇ?”

ಇದೆ. ನಾನೇ ಮರೆತಿದ್ದೆ. ಒಂದು ಸಾಲು ಸೇರಿಸಿದೆ: ಇಬ್ಬರೂ ಹೆಣ್ಣಾದರೆ ಒಬ್ಬಳ ಮಕ್ಕಳಿಗೆ ತಾಯಿಯ ಒಕ್ಕ. ಹತ್ತು ತಲೆಮಾರು ಕಳೆದರೂ ನೂರಕ್ಕೆ ನೂರು ಹೆಸರೂ ನಿಂತವು. ಅಜ್ಜಯ್ಯನ ಮುಖ ಅರಳಿತು. ಪಕ್ಕದಲ್ಲೇ ಇನ್ನೊಂದು ಕಾಲಂ ಮಾಡಿ ಮೂಲಪುರುಷರ ವೈ ಕ್ರೋಮೊಸೋಮುಗಳನ್ನೂ ಎಣಿಸಿದೆ. ಅಲ್ಲಿ ಮೊದಲಿನಂತೆಯೇ 26ರ ಹತ್ತಿರ. ಕಟ್ಟಳೆ ಹೆಸರನ್ನು ಮಗಳ ಕೈಗೆ ಕೊಡಬಲ್ಲದು. ಮಗಳಿಗೆ ವೈ ಇರುವುದೇ ಇಲ್ಲ. ಉಳಿದ 22 ಜೋಡಿ ಕ್ರೋಮೊಸೋಮುಗಳಿಗೆ ಮಗ ಮಗಳೆಂಬ ಭೇದವಿಲ್ಲವಾದ್ದರಿಂದ ಅವು ಅವಳ ಮೂಲಕವೂ ಹರಿಯುತ್ತವೆ, ಅದು ಬೇರೆ ಲೆಕ್ಕ.

“ಹದಿನೇಳರಲ್ಲಿ ಹೆಸರು ನಮ್ಮದು, ವೈ ಅಳಿಯನದು,” ಎಂದೆ.

ಅಜ್ಜಯ್ಯ ಪರದೆಯನ್ನೇ ನೋಡಿದರು. “ಗದ್ದೆ?”

“ಅದನ್ನು ಬರೆದಿಲ್ಲ.”

“ಅದನ್ನೂ ಬರೆ.”

ಪರೀಕ್ಷೆಗೆ ಎರಡು ದಿನವಿತ್ತು. ಗದ್ದೆಗೆಂದು ಮೂರನೇ ಕಾಲಂ ತೆರೆದೆ.