ವಿಮಾ ವಂಚನೆ: ಕಾರು ಗುದ್ದಿದ ಮೇಲೆ ಹೇಳುವ ಸುಳ್ಳು

‘ವಿಮೆ’ ಎಂಬ ಪದದ ಬೇರು ಪಾರಸಿಯ ‘ಬೀಮ್’, ಅಂದರೆ ಭಯ. ನಾಳೆ ಏನಾದೀತೋ ಎಂಬ ಭಯವನ್ನು ಸಾವಿರಾರು ಜನ ಒಟ್ಟಾಗಿ ಹೊರುವ ಏರ್ಪಾಡು ಅದು. ಎಲ್ಲರೂ ಪ್ರೀಮಿಯಂ ಕಟ್ಟುತ್ತಾರೆ, ನಷ್ಟವಾದವರಿಗೆ ಅದರಿಂದ ಪರಿಹಾರ ಸಿಗುತ್ತದೆ. ಆ ಪರಿಹಾರಕ್ಕಾಗಿ ಗೊತ್ತಿದ್ದೂ ಸುಳ್ಳು ಹೇಳುವುದು, ಹೇಳಲೇಬೇಕಾದದ್ದನ್ನು ಮುಚ್ಚಿಡುವುದು ‘ವಿಮಾ ವಂಚನೆ’. ಹಣ ಕೈಸೇರುವ ಮೊದಲೇ ಸಿಕ್ಕಿಬಿದ್ದರೂ ಹಲವು ದೇಶಗಳ ಕಾನೂನಿನಲ್ಲಿ ಅದು ಅಪರಾಧವೇ.

ಈ ಪದ ಕೇಳಿದ ಕೂಡಲೇ ನೆನಪಿಗೆ ಬರುವುದು ಬೇಕೆಂದೇ ಹಾಳುಮಾಡಿದ ಕಾರು. ವಿಮೆಯವರ ಮಾತಿನಲ್ಲಿ ಇದು ‘ಹಾರ್ಡ್ ಫ್ರಾಡ್’. 2009ರ ನವೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಗ್ಯಾಲ್ವೆಸ್ಟನ್ ಹತ್ತಿರ, ಬುಗಾಟಿ ವೇರಾನ್ ಕಾರೊಂದು ರಸ್ತೆ ಬಿಟ್ಟು ನೇರ ಉಪ್ಪುನೀರಿನ ಹಿನ್ನೀರಿಗೆ ಇಳಿಯಿತು. 16 ಸಿಲಿಂಡರಿನ, ಸಾವಿರ ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರು. ಮಾಲೀಕ ಅದನ್ನು ಕೊಂಡದ್ದು ಸುಮಾರು 10 ಲಕ್ಷ ಡಾಲರಿಗೆ, ವಿಮೆ ಮಾಡಿಸಿದ್ದು 22 ಲಕ್ಷ ಡಾಲರಿಗೆ. ತಗ್ಗಿನಲ್ಲಿ ಹಾರಿಬಂದ ಹೆಜ್ಜಾರ್ಲೆಯಿಂದ ಗಮನ ತಪ್ಪಿತು ಎಂದು ಆತ ಹೇಳಿದ. ಆದರೆ ಇಷ್ಟು ಅಪರೂಪದ ಕಾರು ಕಣ್ಣಿಗೆ ಬಿತ್ತಲ್ಲ ಎಂದು ಇನ್ನೊಂದು ವಾಹನದಲ್ಲಿದ್ದವರು ಅದೇ ಹೊತ್ತಿಗೆ ವಿಡಿಯೊ ತೆಗೆಯುತ್ತಿದ್ದರು. ಆ ಕೆಲವೇ ಸೆಕೆಂಡುಗಳಲ್ಲಿ ಹಕ್ಕಿಯೂ ಇಲ್ಲ, ಬ್ರೇಕ್ ಹಾಕಿದ ಸುಳಿವೂ ಇಲ್ಲ. ನೀರಿಗೆ ಬಿದ್ದ ಮೇಲೂ ಸುಮಾರು ಕಾಲು ಗಂಟೆ ಎಂಜಿನ್ ಓಡುತ್ತಲೇ ಇತ್ತು. ಉಪ್ಪುನೀರು ಎಳೆದುಕೊಂಡ ಎಂಜಿನ್ ಮತ್ತೆ ರಿಪೇರಿಗೆ ಬಗ್ಗುವಂಥದ್ದಲ್ಲ. 2014ರಲ್ಲಿ ಆತ ತಪ್ಪೊಪ್ಪಿಕೊಂಡ. ಒಂದು ವರ್ಷ ಒಂದು ದಿನದ ಜೈಲಾಯಿತು. ಅಲ್ಲಿ ಹೊರಿಸಿದ ಆರೋಪದ ಹೆಸರು ‘ವೈರ್ ಫ್ರಾಡ್’, ಅಂದರೆ ಫೋನು, ಇಮೇಲಿನಂಥ ಸಂಪರ್ಕ ಬಳಸಿ ಮಾಡಿದ ಮೋಸ.

ಕೊಂಡ ಬೆಲೆಗೂ ವಿಮೆಯ ಮೊತ್ತಕ್ಕೂ ಇರುವ ಆ ಅಂತರವನ್ನು ಗಮನಿಸಿ. ಇಂಥ ಕಾರುಗಳಿಗೆ ಸಾಮಾನ್ಯವಾಗಿ ‘ಒಪ್ಪಿತ ಮೌಲ್ಯ’ದ ಪಾಲಿಸಿ ಇರುತ್ತದೆ. ಕಾರು ಪೂರ್ತಿ ಹಾಳಾದರೆ ಎಷ್ಟು ಕೊಡಬೇಕೆಂದು ಮೊದಲೇ ನಿಗದಿಯಾಗಿರುತ್ತದೆ. ಓಡುವ ಕಾರಿಗಿಂತ ಮುಳುಗಿದ ಕಾರಿಗೇ ಹೆಚ್ಚು ಬೆಲೆ ಎಂದಾದಾಗ ಆಸೆ ಹುಟ್ಟುವ ಜಾಗ ಅದೇ.

ಇನ್ನೊಂದು ಬಗೆಯ ಬಗ್ಗೆ ನನಗೆ ಹೆಚ್ಚು ಕಳವಳ, ಏಕೆಂದರೆ ಅದನ್ನು ಮಾಡುವವರು ತಮ್ಮನ್ನು ವಂಚಕರೆಂದು ಅಂದುಕೊಂಡಿರುವುದೇ ಇಲ್ಲ. ಅಪಘಾತ ನಿಜ, ಕಾರು ನುಜ್ಜುಗುಜ್ಜಾದದ್ದೂ ನಿಜ. ಕ್ಲೇಮು ಅರ್ಜಿಯಲ್ಲಿ ‘ಅಪಘಾತ ಹೇಗಾಯಿತು, ಯಾರು ಓಡಿಸುತ್ತಿದ್ದರು’ ಎಂಬ ಜಾಗಕ್ಕೆ ಬಂದಾಗ ಮಾತ್ರ ಪೆನ್ನು ದಾರಿ ತಪ್ಪುತ್ತದೆ. ರೇಸ್ ಟ್ರ್ಯಾಕಿನಲ್ಲಿ ಗುದ್ದಿದ್ದನ್ನು ಊರ ರಸ್ತೆಗೆ ತರುತ್ತಾರೆ, ಏಕೆಂದರೆ ಹೆಚ್ಚಿನ ಪಾಲಿಸಿಗಳು ರೇಸಿಗೆ ಪರಿಹಾರ ಕೊಡುವುದಿಲ್ಲ. ಕುಡಿದು ಓಡಿಸಿದವನ ಬದಲು ಗೆಳೆಯನ ಹೆಸರು ಬರೆಯುತ್ತಾರೆ. ಹಿಂದಿನ ವರ್ಷದ ಗೀರುಗಳನ್ನೂ ಇದೇ ಬಿಲ್ಲಿಗೆ ಸೇರಿಸುತ್ತಾರೆ. ನಿಜವಾದ ನಷ್ಟವನ್ನು ಹೀಗೆ ಉಬ್ಬಿಸುವುದು, ತಿರುಚುವುದು ‘ಸಾಫ್ಟ್ ಫ್ರಾಡ್’. ಹೆಸರು ಮೆದುವಾಗಿದ್ದರೂ ಪರಿಣಾಮ ಮೆದುವಲ್ಲ: ನ್ಯಾಯವಾಗಿ ಸಿಗಬೇಕಿದ್ದ ಪರಿಹಾರವೂ ಪೂರ್ತಿ ಕೈತಪ್ಪಬಹುದು.

ಇಷ್ಟು ಕಟ್ಟುನಿಟ್ಟು ಯಾಕೆ? 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಹಮ್ ನಡುವಿನ ಮೊಕದ್ದಮೆಯಲ್ಲಿ ಕೊಟ್ಟ ವಿವರಣೆ ಇಂದಿಗೂ ಇದರ ಬುನಾದಿ. ಅಪಾಯ ಎಷ್ಟೆಂದು ಅಳೆಯಲು ಬೇಕಾದ ಸಂಗತಿಗಳು ಹೆಚ್ಚಾಗಿ ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತವೆ. ವಿಮೆ ಕೊಡುವವನು ಅವನ ಮಾತನ್ನು ನಂಬಿಯೇ ಒಪ್ಪಂದಕ್ಕೆ ಬರುತ್ತಾನೆ. ಹಾಗಾಗಿ ಸಾಮಾನ್ಯ ವ್ಯಾಪಾರಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ಇಲ್ಲಿ ಬೇಕು. ಇದನ್ನೇ ‘ಪರಮ ಸದ್ಭಾವ’ದ ತತ್ವ ಎನ್ನುತ್ತಾರೆ.

ಈಗ ಕಾರೇ ಸಾಕ್ಷಿ ಹೇಳುತ್ತದೆ. ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ ರೆಕಾರ್ಡರ್ ಗುದ್ದುವ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕು, ಆಕ್ಸಿಲರೇಟರ್ ಎಲ್ಲವನ್ನೂ ಉಳಿಸಿಕೊಂಡಿರುತ್ತದೆ. ಏರ್‌ಬ್ಯಾಗಿನ ಬಟ್ಟೆಯೂ ಮಾತಾಡುತ್ತದೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಫೆರಾರಿ ಎಂಜೊ ಎರಡು ತುಂಡಾದಾಗ, ಓಡಿಸುತ್ತಿದ್ದವನು ಬೇರೊಬ್ಬ, ಓಡಿಹೋದ ಎಂದು ಅಲ್ಲಿದ್ದವನು ಹೇಳಿದ. ಅವನ ತುಟಿ ಒಡೆದಿತ್ತು; ರಕ್ತದ ಕಲೆ ಇದ್ದದ್ದು ಚಾಲಕನ ಕಡೆಯ ಏರ್‌ಬ್ಯಾಗಿನ ಮೇಲೆ ಮಾತ್ರ. ಅದು ವಿಮೆಯ ಮೊಕದ್ದಮೆಯಾಗಿರಲಿಲ್ಲ, ಆದರೆ ಚಾಲಕನನ್ನು ಬದಲಿಸಿ ಹಾಕುವ ಕ್ಲೇಮುಗಳು ಬಯಲಾಗುವುದೂ ಇಂಥ ಗುರುತುಗಳಿಂದಲೇ.

ತಪ್ಪು ನೆನಪು ವಂಚನೆಯಲ್ಲ, ಇದನ್ನು ಒತ್ತಿ ಹೇಳಬೇಕು. ಗುದ್ದಿದ ಗಾಬರಿಯಲ್ಲಿ ವೇಗ ಅರವತ್ತಿತ್ತು ಎಂದು ಬರೆದು, ರೆಕಾರ್ಡರ್ ಎಪ್ಪತ್ತು ತೋರಿಸಿದರೆ ಅಷ್ಟಕ್ಕೇ ಯಾರೂ ವಂಚಕರಾಗುವುದಿಲ್ಲ. ಮೋಸದ ಉದ್ದೇಶವಿತ್ತೆಂದು ತೋರಿಸಬೇಕು. ಖಚಿತವಿಲ್ಲದ ಕಡೆ ‘ಅಂದಾಜು’ ಎಂದೋ ‘ನೆನಪಿಲ್ಲ’ ಎಂದೋ ಬರೆಯಬಹುದು. ಬರೆದದ್ದು ತಪ್ಪೆಂದು ಆಮೇಲೆ ಗೊತ್ತಾದರೆ ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಗೊತ್ತಾದ ಮೇಲೂ ಸುಮ್ಮನಿದ್ದರೆ ಆ ಮೌನವನ್ನೂ ಮುಚ್ಚಿಟ್ಟದ್ದೆಂದೇ ಎಣಿಸಬಹುದು.